ಶಹಾಪುರದಿಂದ ಯಾದಗಿರಿಗೆ ಒಬ್ಬರೇ, ಗಾಡಿ ಮಾತ್ರ ಎರಡು ಟನ್: ದೊಡ್ಡ ಕಾರು ನಮಗೆ ನಿಜಕ್ಕೂ ಬೇಕಾ?

ನಮ್ಮ ಭಾಗದಲ್ಲಿ ಕಾರು ಕೊಳ್ಳೋ ಮಾತು ಬಂದ್ರೆ ಎರಡು ಪ್ರಶ್ನೆ ತಪ್ಪದೇ ಬರ್ತವೆ. ಒಂದು, ‘ಲೀಟರಿಗೆ ಎಷ್ಟು ಕೊಡ್ತದ?’ ಇನ್ನೊಂದು, ‘ಗಾಡಿ ಎತ್ರ ಅದನೋ ಇಲ್ಲೋ?’ ಮೊದಲನೆಯದು ಜೇಬಿನ ಪ್ರಶ್ನೆ, ಎರಡನೆಯದು ರಸ್ತೆಯದ್ದು. ರಸ್ತೆಯ ಜೊತೆಗೆ ಒಂಚೂರು ಮರ್ಯಾದೆಯದ್ದೂ ಹೌದು. ಈಚಿನ ವರ್ಷಗಳಲ್ಲಿ ಎರಡನೇ ಪ್ರಶ್ನೆ ಮೊದಲನೆಯದನ್ನ ಗೆಲ್ತಾ ಇದೆ. ಇದು ಬರೀ ಯಾದಗಿರಿ, ಶಹಾಪುರ, ಸುರಪುರದ ಕಥೆಯಲ್ಲ. ಕಾರು ತಯಾರಕರ ಸಂಘ ಸಿಯಾಮ್‌ನ ಅಂಕಿಅಂಶದ ಪ್ರಕಾರ 2024-25ರಲ್ಲಿ ದೇಶದಲ್ಲಿ ಮಾರಾಟವಾದ ಸುಮಾರು 43 ಲಕ್ಷ ಪ್ರಯಾಣಿಕ ವಾಹನಗಳಲ್ಲಿ ಶೇ. 65ರಷ್ಟು ‘ಯುಟಿಲಿಟಿ’ ವರ್ಗದವು, ಅಂದರೆ ನಾವು ಎಸ್‌ಯುವಿ, ಎಂಪಿವಿ ಅಂತ ಕರೆಯೋವು. ಜಗತ್ತಿನಲ್ಲೂ ಅಷ್ಟೇ. 2023ರಲ್ಲಿ ಮಾರಾಟವಾದ ಕಾರುಗಳಲ್ಲಿ ಹೆಚ್ಚುಕಮ್ಮಿ ಅರ್ಧ ಎಸ್‌ಯುವಿಗಳೇ ಎಂದು ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ಹೇಳಿದೆ.

ಆದರೆ ಈ ಪ್ರಶ್ನೆಯನ್ನ ಬೆಂಗಳೂರಿನಲ್ಲಿ ಕೇಳೋದು ಸುಲಭ, ಇಲ್ಲಿ ಕೇಳೋದು ಕಷ್ಟ. ಅಲ್ಲಿ ಮೆಟ್ರೋ ಇದೆ, ಆ್ಯಪ್ ಒತ್ತಿದರೆ ಆಟೋ ಬರುತ್ತೆ. ಯಾದಗಿರಿ 2018ರಿಂದ ಕೇಂದ್ರ ಸರ್ಕಾರದ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳ ಪಟ್ಟಿಯಲ್ಲಿದೆ. ಹೆಸರು ಚಂದ ಇದೆ, ಅರ್ಥ ‘ಹಿಂದುಳಿದದ್ದು’ ಅಂತಲೇ. ಇಲ್ಲಿ ಒಬ್ಬರು ದೊಡ್ಡ ಗಾಡಿ ತಗೊಂಡರೆ ‘ಶೋಕಿ’ ಅಂತ ತಳ್ಳಿಹಾಕೋದು ಸರಿಯಲ್ಲ. ‘ನಮ್ಮ ರಸ್ತೆಗೆ ಇದೇ ಬೇಕು’ ಅನ್ನೋ ಮಾತನ್ನ ಹಾಗೇ ನಂಬೋದೂ ಸರಿಯಲ್ಲ. ಬಿಡಿಸಿ ನೋಡೋಣ.

ಲೀಟರಿಗೆ ಎಷ್ಟು ಮಂದಿ?

ಮೊದಲು ಲೆಕ್ಕ. ಶಹಾಪುರದಿಂದ ಯಾದಗಿರಿಗೆ ಸುಮಾರು 35 ಕಿ.ಮೀ. ಅಂತ ಇಟ್ಟುಕೊಳ್ಳೋಣ. ಜಿಲ್ಲಾ ಕೇಂದ್ರದಲ್ಲಿ ಕೆಲಸ ಇರೋ ಒಬ್ಬರು ದಿನಾ ಹೋಗಿಬಂದರೆ 70 ಕಿ.ಮೀ., ತಿಂಗಳಿಗೆ 25 ದಿನ ಅಂದರೆ 1,750 ಕಿ.ಮೀ.

ಫಾರ್ಚುನರ್‌ನಂಥ ಎರಡು ಟನ್ ತೂಕದ ಡೀಸೆಲ್ ಗಾಡಿ ನಮ್ಮ ರಸ್ತೆಯಲ್ಲಿ ಲೀಟರಿಗೆ 11 ಕಿ.ಮೀ. ಕೊಡ್ತು ಅಂದುಕೊಳ್ಳಿ. ತಿಂಗಳಿಗೆ 159 ಲೀಟರ್. ಡೀಸೆಲ್ 91 ರೂಪಾಯಿ ಹಿಡಿದರೆ ಹದಿನಾಲ್ಕೂವರೆ ಸಾವಿರ. ವ್ಯಾಗನ್-ಆರ್ ತರದ ಸಣ್ಣ ಪೆಟ್ರೋಲ್ ಕಾರು 20 ಕೊಟ್ಟರೆ 87.5 ಲೀಟರ್. ಪೆಟ್ರೋಲ್ 103 ರೂಪಾಯಿ ಹಿಡಿದರೂ ಒಂಬತ್ತು ಸಾವಿರ. ತಿಂಗಳಿಗೆ ಐದೂವರೆ ಸಾವಿರ, ವರ್ಷಕ್ಕೆ 65 ಸಾವಿರದಷ್ಟು ಫರಕು. ಹೊಗೆಯ ಲೆಕ್ಕ ಇನ್ನೂ ಜೋರು. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.68 ಕೆ.ಜಿ., ಪೆಟ್ರೋಲ್ ಸುಟ್ಟರೆ 2.31 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತೆ. ದೊಡ್ಡ ಗಾಡಿ ತಿಂಗಳಿಗೆ 426 ಕೆ.ಜಿ., ಸಣ್ಣದು 202 ಕೆ.ಜಿ. ಎರಡು ಪಟ್ಟಿಗೂ ಜಾಸ್ತಿ.

ಇಲ್ಲಿಗೆ ನಿಲ್ಲಿಸಿದರೆ ಲೆಕ್ಕ ಅರ್ಧಂಬರ್ಧ. ‘ಲೀಟರಿಗೆ ಎಷ್ಟು ಕಿಲೋಮೀಟರ್’ ಅನ್ನೋದು ಗಾಡಿಯ ಲೆಕ್ಕ. ನಮಗೆ ಬೇಕಾದ್ದು ಮಂದಿಯ ಲೆಕ್ಕ. ಒಂದು ಲೀಟರಿನಲ್ಲಿ ಎಷ್ಟು ಜನರನ್ನ ಎಷ್ಟು ದೂರ ಒಯ್ದಿತು? ಒಬ್ಬರೇ ಕೂತ ಫಾರ್ಚುನರ್: 11. ಒಬ್ಬರೇ ಕೂತ ಸಣ್ಣ ಕಾರು: 20. 50 ಕಿ.ಮೀ. ಕೊಡೋ ಬೈಕಿನಲ್ಲಿ ಇಬ್ಬರು: 100. ಈಗ ನಮ್ಮ ಕ್ರೂಸರ್ ನೋಡಿ. ಲೀಟರಿಗೆ 10 ಕೊಟ್ಟರೂ ಹತ್ತು ಮಂದಿ ಕೂತಿರ್ತಾರೆ, ಅದೂ 100. ಸಾರಿಗೆ ಬಸ್ಸು ಲೀಟರಿಗೆ 5 ಕಿ.ಮೀ. ಕೊಟ್ಟರೆ ಸಾಕು, ಐವತ್ತು ಮಂದಿ ಇದ್ದರೆ 250.

ಗಮನಿಸಿ, ಕ್ರೂಸರ್ ಕೂಡ ದೊಡ್ಡ ಗಾಡಿನೇ, ಡೀಸೆಲ್ ಕುಡಿಯೋ ಗಾಡಿನೇ. ಸಂತೆಗೆ, ಮದುವೆಗೆ, ತಿಂಥಣಿ ಮೌನೇಶ್ವರ ಜಾತ್ರೆಗೆ, ಹತ್ತಿ ಬಿಡಿಸೋ ಹಂಗಾಮಿನಲ್ಲಿ ಕೂಲಿಗೆ ಹೋಗೋ ಹೆಣ್ಣುಮಕ್ಕಳಿಗೆ ಈ ಕಡೆ ಆಸರೆ ಅಂದ್ರೆ ಟಂಟಂ, ಜೀಪು, ಕ್ರೂಸರ್. ಹಾಗಾಗಿ ‘ದೊಡ್ಡ ಗಾಡಿ ಬೇಕಾ’ ಅನ್ನೋ ಪ್ರಶ್ನೆಗೆ ಮೊದಲ ಉತ್ತರ: ಬೇಕು, ತುಂಬಿಕೊಂಡು ಓಡೋದಾದರೆ. ಪ್ರಶ್ನೆ ಇರೋದು ಏಳು ಸೀಟಿನಲ್ಲಿ ಆರು ಖಾಲಿ ಇಟ್ಟುಕೊಂಡು ದಿನಾ ಓಡೋ ಗಾಡಿಯ ಬಗ್ಗೆ.

ತೂಕ ಯಾಕೆ ಎಣ್ಣೆ ಕುಡೀತದೆ?

ಇದಕ್ಕೆ ಪಿಯುಸಿ ಭೌತಶಾಸ್ತ್ರ ಸಾಕು. ನಿಂತ ಗಾಡಿಯನ್ನ ಗಂಟೆಗೆ 60 ಕಿ.ಮೀ. ವೇಗಕ್ಕೆ ತರೋಕೆ ಬೇಕಾಗೋ ಶಕ್ತಿ ನೇರವಾಗಿ ಅದರ ತೂಕಕ್ಕೆ ತಕ್ಕಂತೆ ಏರುತ್ತೆ. 2,100 ಕೆ.ಜಿ.ಯ ಗಾಡಿಗೆ ಸುಮಾರು 290 ಕಿಲೋಜೌಲ್, 830 ಕೆ.ಜಿ.ಯ ಕಾರಿಗೆ ಸುಮಾರು 115. ಊರು ಬಂತು, ಹಂಪ್ ಬಂತು, ಕುರಿ ಹಿಂಡು ಅಡ್ಡ ಬಂತು ಅಂತ ಬ್ರೇಕ್ ಒತ್ತಿದ ತಕ್ಷಣ ಆ ಶಕ್ತಿಯೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಹೋಗಿಬಿಡುತ್ತೆ. ಮತ್ತೆ ಮೊದಲಿಂದ ಎಣ್ಣೆ ಸುಟ್ಟು ವೇಗ ಹಿಡೀಬೇಕು. ಶಹಾಪುರ–ಸುರಪುರ ರಸ್ತೆಯಲ್ಲಿ ಊರೂರಿಗೂ ಇದೇ ಕಥೆ.

ಇನ್ನು ಖುಲ್ಲಾ ಹೆದ್ದಾರಿ ಸಿಕ್ಕಿತು ಅಂದುಕೊಳ್ಳಿ. ಜೇವರ್ಗಿಯಿಂದ ಶಹಾಪುರ, ಸುರಪುರ, ಲಿಂಗಸುಗೂರು ಕಡೆ ಹೋಗೋ ರಾಷ್ಟ್ರೀಯ ಹೆದ್ದಾರಿ 150ಎ ಹಾಗೆ ಕೆಲವು ಕಡೆ ಸಿಗುತ್ತೆ. ಅಲ್ಲಿ ತೂಕಕ್ಕಿಂತ ಗಾಳಿ ಕಾಡುತ್ತೆ. ಗಾಳಿಯ ತಡೆ ಗಾಡಿಯ ಎದುರಿನ ಅಗಲ-ಎತ್ತರಕ್ಕೆ ತಕ್ಕಂತೆ ಮತ್ತು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ಎತ್ತರದ, ಚೌಕಾಕಾರದ ಮೂತಿ ಇರೋ ಗಾಡಿ 100ರ ವೇಗದಲ್ಲಿ ಹೋಗೋದು ಅಂದ್ರೆ ಗಾಳಿಗೆ ಬಾಗಿಲು ಹಿಡಿದುಕೊಂಡು ಓಡಿದ ಹಾಗೆ. ಎಂಜಿನ್ ಎಷ್ಟೇ ಹೊಸದಾಗಿದ್ದರೂ ಈ ಲೆಕ್ಕ ತಪ್ಪಿಸೋಕಾಗಲ್ಲ.

‘ನಮ್ಮ ರಸ್ತೆಗೆ ಇದೇ ಬೇಕು’

ಈ ಮಾತಿನಲ್ಲಿ ಸತ್ಯ ಇದೆ. ಗುಂಡಿ ಬಿದ್ದ ರಸ್ತೆಯಲ್ಲಿ ತಗ್ಗಿನ ಕಾರಿನ ಹೊಟ್ಟೆ ಬಡಿಯುತ್ತೆ. ಆದರೆ ಎತ್ತರಕ್ಕೂ ಗಾತ್ರಕ್ಕೂ ಸಂಬಂಧ ನಾವು ಅಂದುಕೊಂಡಷ್ಟಿಲ್ಲ. ಬೊಲೆರೊದ ತಳ ನೆಲದಿಂದ 180 ಮಿಲಿಮೀಟರ್ ಎತ್ತರ. ವ್ಯಾಗನ್-ಆರ್‌ನದ್ದು 165. ಅಂದರೆ ಒಂದೂವರೆ ಸೆಂಟಿಮೀಟರ್ ಫರಕು. ನಾಲ್ಕು ಮೀಟರಿಗಿಂತ ಚಿಕ್ಕದಾದ, 1,199 ಸಿಸಿ ಎಂಜಿನ್ನಿನ ಟಾಟಾ ಪಂಚ್‌ನ ತಳ 187 ಮಿ.ಮೀ., ಬೊಲೆರೊಗಿಂತಲೂ ಎತ್ತರ. ಗುಂಡಿ ದಾಟೋಕೆ ಬೇಕಾದ್ದು ಎತ್ತರ, ಎರಡು ಟನ್ ಕಬ್ಬಿಣ ಅಲ್ಲ.

‘ಹೊಲಕ್ಕೆ ಹೋಗಬೇಕಲ್ಲ’ ಅನ್ನೋದು ಇನ್ನೊಂದು ಮಾತು. ಕೃಷ್ಣಾ–ಭೀಮಾ ನಡುವಿನ ನೆಲ ಬಹುಪಾಲು ಎರೆ. ಮಳೆ ಬಿದ್ದ ಎರೆ ಹೊಲದ ದಾರಿ ಹೇಗಿರುತ್ತೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಮಣ್ಣು ಟೈರಿಗೆ ಮೆತ್ತಿಕೊಂಡು ಗಾಲಿಯೇ ತಿರುಗಲ್ಲ. ಅಲ್ಲಿ ಗಾಡಿ ಭಾರ ಇದ್ದಷ್ಟೂ ಹೂತುಕೊಳ್ಳುತ್ತೆ. ಆಗ ಕೆಲಸಕ್ಕೆ ಬರೋದು ನಾಲ್ಕೂ ಗಾಲಿಗೆ ಶಕ್ತಿ ಕೊಡೋ ವ್ಯವಸ್ಥೆ ಮತ್ತು ತಕ್ಕ ಟೈರು. ನಮ್ಮ ದೇಶದಲ್ಲಿ ಮಾರಾಟವಾಗೋ ಎಸ್‌ಯುವಿಗಳಲ್ಲಿ ಬಹುಪಾಲು ಎರಡೇ ಗಾಲಿಗೆ ಶಕ್ತಿ ಹೋಗೋವು. ನೋಡೋಕೆ ಕಾಡು ನುಗ್ಗೋ ಗಾಡಿ, ಒಳಗೆ ಮಾಮೂಲಿ ಕಾರಿನ ವ್ಯವಸ್ಥೆ. ಎರೆಯಲ್ಲಿ ಹೂತ ಅಂಥ ಗಾಡಿಯನ್ನ ಕೊನೆಗೆ ಎಳೆದು ತೆಗೆಯೋದು ಟ್ರ್ಯಾಕ್ಟರೇ.

ಮೂರನೆಯದು ನೀರು. ಇದು ಜೀವದ ಮಾತು. ನಾರಾಯಣಪುರ ಜಲಾಶಯದಿಂದ ಕೃಷ್ಣಾ ನದಿಗೆ ಲಕ್ಷಗಟ್ಟಲೆ ಕ್ಯೂಸೆಕ್ ಬಿಟ್ಟಾಗ ಶಹಾಪುರ–ದೇವದುರ್ಗ ನಡುವಿನ ಕೊಳ್ಳೂರು ಸೇತುವೆ ಮುಳುಗೋದು ನಮಗೆ ಗೊತ್ತಿರೋ ವಿಷಯ. ದೊಡ್ಡ ಗಾಡಿ ಇದ್ದವರಿಗೆ ‘ದಾಟಿಬಿಡ್ತೀನಿ’ ಅನ್ನೋ ಧೈರ್ಯ ಬರುತ್ತೆ. ಲೆಕ್ಕ ಬೇರೆ ಹೇಳುತ್ತೆ. ಒಂದು ಘನ ಮೀಟರ್ ನೀರನ್ನ ಪಕ್ಕಕ್ಕೆ ತಳ್ಳಿದರೆ ಒಂದು ಟನ್ ಮೇಲೆತ್ತೋ ಬಲ ಬರುತ್ತೆ. 4.8 ಮೀಟರ್ ಉದ್ದ, 1.85 ಮೀಟರ್ ಅಗಲದ ಗಾಡಿಯ ತಳದ ಮೇಲೆ ಬರೀ ಕಾಲು ಮೀಟರ್ ನೀರು ಏರಿದರೆ ಎರಡು ಟನ್‌ನಷ್ಟು ಮೇಲೆತ್ತೋ ಬಲ. ಅಷ್ಟೊತ್ತಿಗೆ ರಸ್ತೆಯ ಮೇಲಿನ ನೀರು ಸುಮಾರು ಒಂದೂವರೆ ಅಡಿ ಆಗಿರುತ್ತೆ. ಟೈರಿಗೆ ಹಿಡಿತ ಇರಲ್ಲ, ಹರಿವು ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತೆ. ಎರಡು ಅಡಿ ಹರಿಯೋ ನೀರು ಎಸ್‌ಯುವಿಗಳನ್ನೂ ಕೊಚ್ಚಿಕೊಂಡು ಹೋಗಬಲ್ಲದು ಅಂತ ಅಮೆರಿಕದ ಹವಾಮಾನ ಇಲಾಖೆ ಎಚ್ಚರಿಸೋದು ಇದಕ್ಕೇ. ಮುಳುಗಿದ ಸೇತುವೆಗೆ ಔಷಧ ಎತ್ತರದ ಸೇತುವೆ, ಎತ್ತರದ ಕಾರಲ್ಲ.

ಮರ್ಯಾದೆಯ ಪ್ರಶ್ನೆ

ಇಷ್ಟೆಲ್ಲ ಲೆಕ್ಕ ಹೇಳಿದರೂ ಜನ ಗಾಡಿ ಕೊಳ್ಳೋದು ಬರೀ ಲೆಕ್ಕದ ಮೇಲಲ್ಲ. ಬಿಳಿ ಗಾಡಿ, ಕಪ್ಪು ಗ್ಲಾಸು, ಮುಂದೊಂದು ಬಾವುಟ ಇದ್ದರೆ ತಹಶೀಲ್ ಕಚೇರಿ ಗೇಟು ಬೇಗ ತೆರೆಯುತ್ತೆ, ಠಾಣೆಯಲ್ಲಿ ಕುರ್ಚಿ ಸಿಗುತ್ತೆ ಅನ್ನೋದು ಈ ಕಡೆಯ ಅನುಭವ. ಇದನ್ನ ಗೇಲಿ ಮಾಡೋ ಮುಂಚೆ ಇನ್ನೊಂದು ಮಗ್ಗುಲು ನೋಡಬೇಕು. ಸವಾರಿ ಅನ್ನೋದು ಈ ದೇಶದಲ್ಲಿ ಜಾತಿಯ ವಿಷಯವೂ ಆಗಿತ್ತು, ಆಗಿದೆ. 1901ರಲ್ಲಿ ಬಾಲಕ ಅಂಬೇಡ್ಕರ್ ಮತ್ತು ಜೊತೆಗಿದ್ದ ಮಕ್ಕಳು ಮಸೂರ್ ರೈಲು ನಿಲ್ದಾಣದಲ್ಲಿ ಇಳಿದಾಗ, ಅವರ ಜಾತಿ ಗೊತ್ತಾಗಿ ಎತ್ತಿನ ಗಾಡಿಯವರು ಯಾರೂ ಒಯ್ಯೋಕೆ ಒಪ್ಪಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನ ತಾವೇ ಹೊಡೆದುಕೊಂಡು ಹೋಗಬೇಕಾಯ್ತು. ಮದುವೆ ಮೆರವಣಿಗೆಯಲ್ಲಿ ದಲಿತ ವರ ಕುದುರೆ ಏರಿದ್ದಕ್ಕೆ ಗಲಾಟೆ ಆದ ಸುದ್ದಿ ಇವತ್ತಿಗೂ ಬರ್ತಿರುತ್ತೆ. ಅಂಥ ಸಮಾಜದಲ್ಲಿ ಒಂದು ಕುಟುಂಬದ ಮೊದಲ ತಲೆಮಾರು ಸಾಲ ಮಾಡಿ ಸ್ಕಾರ್ಪಿಯೊ ತಂದು ಮನೆ ಮುಂದೆ ನಿಲ್ಲಿಸಿದರೆ, ಅದರಲ್ಲಿ ಲೀಟರ್-ಕಿಲೋಮೀಟರ್ ಲೆಕ್ಕಕ್ಕೆ ಸಿಗದ ಒಂದು ಮಾತಿದೆ.

ಆ ಮಾತನ್ನ ಒಪ್ಪಿಕೊಂಡೇ ಕೇಳಬೇಕಾದ ಪ್ರಶ್ನೆ: ಮರ್ಯಾದೆ ಕೊಡಬೇಕಾದ್ದು ಕಚೇರಿ, ಠಾಣೆ, ದವಾಖಾನೆ. ಅವು ಗಾಡಿ ನೋಡಿ ಮಣೆ ಹಾಕೋದು ಅವುಗಳ ಸೋಲು. ಆ ಸೋಲಿನ ಕಂತನ್ನ ನಾವು ತಿಂಗಳು ತಿಂಗಳು ಫೈನಾನ್ಸಿಗೆ ಕಟ್ಟುತ್ತಾ ಹೋದರೆ ಲಾಭ ಯಾರಿಗೆ?

ಗಾಡಿಯ ಹೊರಗಿರೋರು

‘ಮನೆ ಮಂದಿ ಸೇಫಾಗಿರಲಿ’ ಅನ್ನೋದು ನ್ಯಾಯವಾದ ಕಾರಣವೇ. ಭಾರದ ಗಾಡಿ ಒಳಗಿದ್ದವರಿಗೆ ಡಿಕ್ಕಿಯಲ್ಲಿ ಅನುಕೂಲ ಹೌದು. ಆದರೆ ನಮ್ಮ ರಸ್ತೆಗಳಲ್ಲಿ ಸಾಯ್ತಿರೋರು ಯಾರು? ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಾರ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು 1,68,491 ಮಂದಿ. ಅವರಲ್ಲಿ ಶೇ. 44.5 ದ್ವಿಚಕ್ರ ಸವಾರರು, ಶೇ. 19.5 ಕಾಲ್ನಡಿಗೆಯವರು. ಅಂದರೆ ಹತ್ತರಲ್ಲಿ ಆರಕ್ಕಿಂತ ಹೆಚ್ಚು ಮಂದಿಗೆ ಸುತ್ತ ಕಬ್ಬಿಣವೇ ಇರಲಿಲ್ಲ.

ಗಾಡಿಯ ಮೂತಿ ಎತ್ತರ ಇದ್ದಷ್ಟೂ ಅದು ಕಾಲಿಗೆ ಬಡಿಯೋದು ಬಿಟ್ಟು ಎದೆಗೆ, ತಲೆಗೆ ಬಡಿಯುತ್ತೆ. ಎದುರಿಗೆ ಮಗು ನಿಂತಿದ್ದರೆ ಡ್ರೈವರಿಗೆ ಕಾಣೋದೂ ಕಷ್ಟ. ಬಾನೆಟ್ 40 ಇಂಚಿಗಿಂತ ಎತ್ತರ ಇರೋ ಗಾಡಿ ಕಾಲ್ನಡಿಗೆಯವರಿಗೆ ಬಡಿದರೆ, 30 ಇಂಚಿಗಿಂತ ತಗ್ಗಿನ ಇಳಿಜಾರು ಮೂತಿಯ ಕಾರಿಗೆ ಹೋಲಿಸಿದರೆ ಸಾವಿನ ಸಾಧ್ಯತೆ ಸುಮಾರು ಶೇ. 45 ಜಾಸ್ತಿ ಎಂದು ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2023ರಲ್ಲಿ ಹೇಳಿತು. ಹೆದ್ದಾರಿ ಅಂಚಿನಲ್ಲಿ ಶಾಲೆಗೆ ನಡೆದು ಹೋಗೋ ಮಕ್ಕಳು, ಹುಲ್ಲಿನ ಹೊರೆ ಹೊತ್ತ ಹೆಂಗಸರು, ಗಂಡ-ಹೆಂಡತಿ-ಇಬ್ಬರು ಮಕ್ಕಳು ಕೂತ ಬೈಕು ಇರೋ ಊರಿನಲ್ಲಿ, ಒಬ್ಬರ ಸೇಫ್ಟಿಯ ಬೆಲೆ ಇನ್ನೊಬ್ಬರು ಕೊಡ್ತಾರೆ. ಅದಕ್ಕೆ ನೋಡಿ ಇನ್ನೊಬ್ಬರೂ ದೊಡ್ಡ ಗಾಡಿಗೆ ಹೋಗ್ತಾರೆ. ಕೊನೆಗೆ ಬೈಕಿನವರೇ ಒಂಟಿ.

ಸರ್ಕಾರ ಯಾರ ಕಡೆ?

ಇದನ್ನ ಬರೀ ವೈಯಕ್ತಿಕ ಆಯ್ಕೆ ಅಂತ ಬಿಡೋಕೆ ಆಗದಿರೋದು ಇಲ್ಲಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯ್ತು. ನಾಲ್ಕು ಮೀಟರ್ ಒಳಗಿನ, 1,200 ಸಿಸಿ ಒಳಗಿನ ಪೆಟ್ರೋಲ್ ಅಥವಾ 1,500 ಸಿಸಿ ಒಳಗಿನ ಡೀಸೆಲ್ ಕಾರಿಗೆ ಈಗ ಶೇ. 18. ಅದಕ್ಕಿಂತ ದೊಡ್ಡವಕ್ಕೆ ಶೇ. 40. ಕೇಳೋಕೆ ಸರಿಯಾಗೇ ಇದೆ. ಆದರೆ ಮುಂಚೆ ದೊಡ್ಡ ಎಸ್‌ಯುವಿಗೆ ಸೆಸ್ ಸೇರಿ ಶೇ. 50 ಇತ್ತು. ಅಂದರೆ ಅದಕ್ಕೂ ತೆರಿಗೆ ಇಳಿದಿದೆ, ದುಬಾರಿ ಗಾಡಿ ಆಗಿರೋದರಿಂದ ರೂಪಾಯಿ ಲೆಕ್ಕದಲ್ಲಿ ಅದಕ್ಕೇ ಜಾಸ್ತಿ ಇಳಿದಿದೆ. ಬೊಲೆರೊ ಮಾತ್ರ ಉದ್ದ 3,995 ಮಿ.ಮೀ., ಎಂಜಿನ್ 1,493 ಸಿಸಿ ಆಗಿರೋದರಿಂದ ಕಾಯ್ದೆಯ ಕಣ್ಣಲ್ಲಿ ‘ಸಣ್ಣ ಕಾರು’. ನಮ್ಮ ಭಾಗದ ಮಟ್ಟಿಗೆ ಇದು ಒಳ್ಳೇದೇ, ತುಂಬಿ ಓಡೋ ಗಾಡಿ ಅದು.

ರಾಜ್ಯದ ಆಜೀವ ತೆರಿಗೆ ಗಾಡಿಯ ಬೆಲೆ ನೋಡುತ್ತೆ, ತೂಕ ನೋಡಲ್ಲ. ಇಂಧನ ದಕ್ಷತೆಗಾಗಿ ಕೇಂದ್ರ ತಂದಿರೋ ಕೆಫೆ ನಿಯಮದಲ್ಲಂತೂ ಕಂಪನಿಯ ಗಾಡಿಗಳ ಸರಾಸರಿ ತೂಕ ಏರಿದಷ್ಟೂ ಹೊಗೆಯ ಮಿತಿ ಸಡಿಲ ಆಗುತ್ತೆ. ಜೊತೆಗೆ, ಗುತ್ತಿಗೆದಾರ ಫರ್ಮಿನ ಹೆಸರಲ್ಲಿ ಗಾಡಿ ತಗೊಂಡರೆ ವರ್ಷಕ್ಕೆ ಶೇ. 15 ಸವಕಳಿ ತೋರಿಸಿ ಆದಾಯ ತೆರಿಗೆ ಕಮ್ಮಿ ಮಾಡ್ಕೋಬಹುದು. ಸಂಬಳದ ಮೇಷ್ಟ್ರಿಗೆ ಆ ಅವಕಾಶ ಇಲ್ಲ.

ಇನ್ನು ಮೇಲ್ಪಂಕ್ತಿ. 2023ರ ಆಗಸ್ಟಿನಲ್ಲಿ, ಮಳೆ ಕೈಕೊಟ್ಟ ವರ್ಷದಲ್ಲೇ, ರಾಜ್ಯ ಸರ್ಕಾರ ಸಚಿವರಿಗಾಗಿ 33 ಇನ್ನೋವಾ ಹೈಕ್ರಾಸ್ ಕೊಳ್ಳೋಕೆ 9.90 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಒಂದಕ್ಕೆ 30 ಲಕ್ಷ. ಮುಂದಿನ ತಿಂಗಳು 195 ತಾಲ್ಲೂಕುಗಳನ್ನ ಬರಪೀಡಿತ ಎಂದು ಘೋಷಿಸಿತು. ಮೇಲಿನಿಂದ ಈ ಸಂದೇಶ ಬಂದರೆ ಗ್ರಾಮ ಪಂಚಾಯ್ತಿ ಮಟ್ಟದ ಮುಖಂಡನಿಗೆ ಸಣ್ಣ ಕಾರು ಸಾಕು ಅನ್ನೋಕೆ ಯಾರಿಗೆ ಬಾಯಿದೆ?

ಬೇರೆ ದಾರಿ ಇಲ್ಲ ಅಂತಲ್ಲ. ಫ್ರಾನ್ಸ್ 2022ರಿಂದ ಕಾರಿನ ತೂಕದ ಮೇಲೆ ತೆರಿಗೆ ಹಾಕ್ತಿದೆ, 2024ರಲ್ಲಿ ಅದರ ಮಿತಿಯನ್ನ 1,600 ಕೆ.ಜಿ.ಗೆ ಇಳಿಸಿತು. ಪ್ಯಾರಿಸ್ ನಗರ 2024ರ ಫೆಬ್ರವರಿಯಲ್ಲಿ ಜನಮತ ಕೇಳಿ, ಹೊರಗಿನಿಂದ ಬರೋ ಭಾರದ ಕಾರುಗಳ ಪಾರ್ಕಿಂಗ್ ಶುಲ್ಕ ಮೂರು ಪಟ್ಟು ಮಾಡಿತು. ಪರವಾಗಿ ಶೇ. 54ಕ್ಕೂ ಹೆಚ್ಚು ಮತ. ಆದರೆ ಮತ ಹಾಕಿದ್ದೇ ನೂರಕ್ಕೆ ಆರು ಮಂದಿ. ಪ್ಯಾರಿಸ್ಸಿನ ಮದ್ದನ್ನ ಶಹಾಪುರಕ್ಕೆ ಹಾಗೇ ತರೋಕಾಗಲ್ಲ. ಅಲ್ಲಿ ಕಾರು ಬಿಟ್ಟವರಿಗೆ ಮೆಟ್ರೋ ಇದೆ. ಇಲ್ಲಿ ಕಾರು ಬಿಟ್ಟವರಿಗೆ ಏನಿದೆ?

ಇಲ್ಲದ್ದರ ಲೆಕ್ಕ

ಮುಂಬೈ–ಚೆನ್ನೈ ರೈಲು ಮಾರ್ಗ ಯಾದಗಿರಿಯಲ್ಲಿ ಹಾದುಹೋಗುತ್ತೆ. ಶಹಾಪುರ, ಸುರಪುರಕ್ಕೆ ರೈಲೇ ಇಲ್ಲ. ಈ ಊರುಗಳಿಗೆ ರೈಲು ತರಬೇಕಾದ ಗದಗ–ವಾಡಿ ಮಾರ್ಗಕ್ಕೆ 2013-14ರಲ್ಲಿ ಒಪ್ಪಿಗೆ ಸಿಕ್ಕಿತು. ಹನ್ನೆರಡು ವರ್ಷ ಕಳೆದು 2025ರ ಮೇ ತಿಂಗಳಲ್ಲಿ ತಳಕಲ್–ಕುಷ್ಟಗಿ ನಡುವೆ ರೈಲು ಓಡಿತು. ಕುಷ್ಟಗಿಯಿಂದ ಇತ್ತ ಇನ್ನೂ ದೂರ ಇದೆ. ಈ ನಡುವೆ ಎಷ್ಟು ಮನೆಗಳು ಕಾರಿನ ಸಾಲ ತೀರಿಸಿ ಎರಡನೇ ಕಾರು ತಂದಿರಬಹುದು ಯೋಚಿಸಿ.

ಬಸ್ಸಿನ ಕಥೆ ಸ್ವಲ್ಪ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಓಡಾಟ ಬದಲಾಗಿದೆ. ಬಸ್ಸು ತುಂಬಿ ತುಳುಕ್ತಿರೋದು ಅಂದ್ರೆ ಬೇಡಿಕೆ ಇದೆ ಅಂತ ಅರ್ಥ, ಜನರಿಗೆ ಕಾರಿನ ಹುಚ್ಚು ಅಂತ ಅಲ್ಲ. ಟಿಕೆಟ್ ಉಚಿತ ಆದಷ್ಟೇ ಮುಖ್ಯವಾಗಿ ಬಸ್ಸಿನ ಸಂಖ್ಯೆ, ಸಂಜೆ ಕಳೆದ ಮೇಲಿನ ಕೊನೆಯ ಬಸ್ಸು, ಹಳ್ಳಿಯ ಒಳಗಿನ ತನಕ ಹೋಗೋ ಬಸ್ಸು ಬೇಕು. ಅದು ಇಲ್ಲದ ಕಡೆ ಕೂಲಿ ಹೆಣ್ಣುಮಕ್ಕಳು ಮಿತಿಮೀರಿ ತುಂಬಿದ ಜೀಪಿನಲ್ಲಿ, ಗೂಡ್ಸ್ ಗಾಡಿಯಲ್ಲಿ ಹೋಗ್ತಾರೆ. ಪಲ್ಟಿಯಾದರೆ ಮಾತ್ರ ಸುದ್ದಿಯಾಗ್ತಾರೆ.

ರಾತ್ರಿ ಎದೆನೋವು ಬಂದರೆ ಕಲಬುರಗಿಯ ಜಯದೇವಕ್ಕೆ ಹೋಗಬೇಕು ಅನ್ನೋ ಭಯವೂ ಮನೆಯಲ್ಲಿ ಗಾಡಿ ಬೇಕು ಅನ್ನಿಸೋಕೆ ಕಾರಣ. ಆ ಭಯ ಸುಳ್ಳಲ್ಲ. ಆದರೆ ವರ್ಷಕ್ಕೊಮ್ಮೆ ಬರಬಹುದಾದ ರಾತ್ರಿಗಾಗಿ ಮುನ್ನೂರು ದಿನ ಎರಡು ಟನ್ ಎಳೀತೀವಿ. ಆ ರಾತ್ರಿಗೆ ಬೇಕಾದ್ದು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರು ಮತ್ತು ಹೊತ್ತಿಗೆ ಬರೋ ಆ್ಯಂಬುಲೆನ್ಸು. 40 ಲಕ್ಷ ಕೊಟ್ಟ ಗಾಡಿಯೂ ಡಾಕ್ಟರಿಲ್ಲದ ಆಸ್ಪತ್ರೆಯಿಂದ ಮುಂದಿನ ಊರಿಗೆ ಓಡಬೇಕು ಅಷ್ಟೇ.

ಅಲ್ಲಿಗೆ ಉತ್ತರ ಇಷ್ಟು. ತುಂಬಿ ಓಡೋ ಗಾಡಿಗೆ, ಹೊಲದ ಕೆಲಸಕ್ಕೆ, ದೊಡ್ಡ ಕುಟುಂಬಕ್ಕೆ ದೊಡ್ಡ ಗಾಡಿ ಬೇಕು. ಒಬ್ಬಿಬ್ಬರು ದಿನಾ ಯಾದಗಿರಿಗೆ ಹೋಗಿಬರೋಕೆ ಬೇಕಾಗಿಲ್ಲ, ತಳ ಸ್ವಲ್ಪ ಎತ್ತರ ಇರೋ ಸಣ್ಣ ಕಾರು ಸಾಕು, ಬಸ್ಸು ಸಿಕ್ಕರೆ ಅದೂ ಬೇಡ. ಉಳಿದದ್ದು ರಾಜಕೀಯ. ಆಜೀವ ತೆರಿಗೆಗೆ ಬೆಲೆಯ ಜೊತೆ ತೂಕವನ್ನೂ ಸೇರಿಸಿ, ಹಾಗೆ ಬಂದ ದುಡ್ಡನ್ನ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿಗೆ ಹಾಕಿ ಅಂತ ಕೇಳಬಹುದು. ಕೊಳ್ಳೂರು ಸೇತುವೆ ಯಾವಾಗ ಎತ್ತರ ಆಗುತ್ತೆ, ಗದಗ–ವಾಡಿ ಕಾಮಗಾರಿ ನಮ್ಮ ತಾಲ್ಲೂಕಿನಲ್ಲಿ ಎಲ್ಲಿಗೆ ಬಂತು ಅಂತ ಕೇಳಬಹುದು. ಮುಂದಿನ ಚುನಾವಣೆಗೆ ಬಿಳಿ ಗಾಡಿಗಳ ಸಾಲು ಊರೊಳಗೆ ಬಂದಾಗ, ಕಿಟಕಿ ಇಳಿಸಿ ಕೈಮುಗಿಯೋರನ್ನ ಈ ಪ್ರಶ್ನೆ ಕೇಳಿ: ನೀವು ಬಂದ ಈ ರಸ್ತೆಯಲ್ಲಿ ಕೊನೇ ಬಸ್ಸು ಎಷ್ಟೊತ್ತಿಗೆ, ಗೊತ್ತೇನ್ರಿ?